ಗಾಳಿ ಸೋರಿದರೆ ಪೆಟ್ರೋಲ್ ಜಾಸ್ತಿ: ಮನೆಯಲ್ಲೇ ಟ್ಯೂನ್ ಆದ ಒಂದು ಟ್ರಯಂಫ್ ಟಿಆರ್6

ಈ ಪ್ರಕರಣ ಇಂಗ್ಲೆಂಡಿನದು. ಕಾರಿನ ಮಾಲೀಕರು ಕರ್ನಾಟಕದಿಂದ ಹೋಗಿ ಅಲ್ಲೇ ನೆಲೆಸಿ, ಈಗ ನಿವೃತ್ತರಾಗಿರುವ ವೈದ್ಯರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಗಾಡಿಯ ಬಣ್ಣ, ನಂಬರು ಯಾವುದನ್ನೂ ಹೇಳುವುದಿಲ್ಲ. ಡಾಕ್ಟರು ಅಂತಷ್ಟೇ ಕರೆಯುತ್ತೇನೆ. ನಾನು ಸಹಾಯಕ್ಕೆ ಹೋದವನು. ಕೈ ಕೊಳೆ ಮಾಡಿಕೊಂಡಿದ್ದರಲ್ಲಿ ಹೆಚ್ಚು ಪಾಲು ಅವರದೇ.

ಹಿನ್ನೆಲೆ

ಟಿಆರ್6 ಕೊವೆಂಟ್ರಿಯ ಕ್ಯಾನ್ಲಿ ಕಾರ್ಖಾನೆಯಲ್ಲಿ ತಯಾರಾದ ಎರಡು ಸೀಟಿನ ಓಪನ್ ಕಾರು. 1968ರ ಕೊನೆಯಿಂದ 1976ರವರೆಗೆ ಬಂತು. ಮುಂದೆ 2498 ಸಿಸಿಯ, ಸಾಲಾಗಿ ನಿಂತ 6 ಸಿಲಿಂಡರಿನ ಎಂಜಿನ್. ಅಮೆರಿಕಕ್ಕೆ ಹೋದ ಗಾಡಿಗಳಿಗೆ ಕಾರ್ಬುರೇಟರ್ ಹಾಕಿದರು. ಬ್ರಿಟನ್ನಿನಲ್ಲಿ ಮಾರಿದವಕ್ಕೆ ಲ್ಯೂಕಾಸ್ ಮೆಕ್ಯಾನಿಕಲ್ ಇಂಜೆಕ್ಷನ್ ಇತ್ತು. ಡಾಕ್ಟರ ಗಾಡಿ 1970ರ ದಶಕದ ಶುರುವಿನದು. ಚಾಸಿ ನಂಬರು 'ಸಿಪಿ'ಯಿಂದ ಶುರುವಾಗುತ್ತದೆ (ಇಷ್ಟು ಮಾತ್ರ ಹೇಳಬಲ್ಲೆ), ಅಂದರೆ 150 ಕುದುರೆಶಕ್ತಿಯ ಮೊದಲ ಮಾದರಿ. ಆಮೇಲೆ ಬಂದ 'ಸಿಆರ್' ಗಾಡಿಗಳ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವುಗಳನ್ನು ತೆರೆಯುವ ದಂಡ, ಸ್ವಲ್ಪ ಸೌಮ್ಯ.

ನಮ್ಮ ಕಡೆ ಮೆಕ್ಯಾನಿಕಲ್ ಇಂಜೆಕ್ಷನ್ ಅಂದರೆ ಡೀಸೆಲ್ ಗಾಡಿ ನೆನಪಾಗುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪ್ ಮಾಡುತ್ತಿದ್ದ ಮೈಕೋ ಇತ್ತಲ್ಲ, ಆ ಪಂಪುಗಳನ್ನು ಬಿಚ್ಚಿ ಬೆಂಚಿನ ಮೇಲೆ ಟೆಸ್ಟ್ ಮಾಡುವ ಅಂಗಡಿಗಳು ಊರೂರಲ್ಲಿ ಇದ್ದವು. ಆದರೆ ಆ ಅನುಭವ ಇಟ್ಟುಕೊಂಡು ಟಿಆರ್6ಗೆ ಕೈ ಹಾಕಿದರೆ ದಾರಿ ತಪ್ಪುತ್ತದೆ. ಇದು ಪೆಟ್ರೋಲ್. ಇಲ್ಲಿ ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಅನ್ನೋ ಲೆಕ್ಕ ತಪ್ಪಿದರೆ ಎಲ್ಲವೂ ತಪ್ಪಿತು.

ಆ ಲೆಕ್ಕ ಹಾಕುವ ಬಗೆ ತಿಳಿಯದೆ ಮುಂದಿನ ಕತೆ ಅರ್ಥವಾಗುವುದಿಲ್ಲ. ಡಿಕ್ಕಿಯಲ್ಲಿರುವ ಎಲೆಕ್ಟ್ರಿಕ್ ಪಂಪ್ ಪೆಟ್ರೋಲನ್ನು 100ರಿಂದ 110 ಪಿಎಸ್‌ಐ ಒತ್ತಡದಲ್ಲಿ ಮುಂದಕ್ಕೆ ತಳ್ಳುತ್ತದೆ. ಎಂಜಿನ್ನಿನ ಪಕ್ಕದಲ್ಲಿ, ಡಿಸ್ಟ್ರಿಬ್ಯೂಟರ್ ತಿರುಗುವ ಡ್ರೈವಿಗೇ ಜೋಡಿಸಿದ ಮೀಟರಿಂಗ್ ಯೂನಿಟ್ ಇದೆ. ಅದರೊಳಗೆ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವ ರೋಟರ್. ರೋಟರಿನ ಹೊಟ್ಟೆಯಲ್ಲಿ ಆಚೆ ಈಚೆ ಓಡಾಡುವ ಒಂದು ಪುಟ್ಟ ಉಕ್ಕಿನ ತುಂಡು, ಷಟಲ್. ಪೆಟ್ರೋಲಿನ ಒತ್ತಡವೇ ಅದನ್ನು ತಳ್ಳುತ್ತದೆ. ಅದು ಒಂದು ಸಲ ಸರಿದಾಗ ಒಂದು ಸಿಲಿಂಡರಿಗೆ ಒಂದು ಗುಟುಕು ಪೆಟ್ರೋಲ್. ಷಟಲ್ ಎಷ್ಟು ದೂರ ಸರಿಯಬಹುದು ಅನ್ನೋದರ ಮೇಲೆ ಗುಟುಕಿನ ಅಳತೆ.

ಆ ದೂರ ನಿರ್ಧರಿಸುವುದು ಸ್ಪ್ರಿಂಗುಗಳು ಮತ್ತು ಒಂದು ಡಯಾಫ್ರಮ್, ಅಂದರೆ ಬಾಗುವ ತೆಳು ಪರದೆ. ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳಲ್ಲಿ, ಅಂದರೆ ಮ್ಯಾನಿಫೋಲ್ಡಿನಲ್ಲಿ, ಹುಟ್ಟುವ ವ್ಯಾಕ್ಯೂಮ್ (ಹೀರುವ ಬಲ) ಒಂದು ಪೈಪಿನ ಮೂಲಕ ಡಯಾಫ್ರಮ್ಮನ್ನು ಎಳೆಯುತ್ತದೆ. ಕಾಲು ಎತ್ತಿದಾಗ ವ್ಯಾಕ್ಯೂಮ್ ಜಾಸ್ತಿ, ಷಟಲ್ಲಿನ ಓಟ ಕಡಿಮೆ, ಪೆಟ್ರೋಲ್ ಕಡಿಮೆ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ವ್ಯಾಕ್ಯೂಮ್ ಹೆಚ್ಚುಕಡಿಮೆ ಸೊನ್ನೆ, ಪೆಟ್ರೋಲ್ ಜಾಸ್ತಿ. ಗಾಳಿಯನ್ನು ಅಳೆಯುವ ಸೆನ್ಸಾರ್ ಇಲ್ಲ, ಕಂಪ್ಯೂಟರ್ ಇಲ್ಲ. ಈ ಯಂತ್ರಕ್ಕೆ ಗೊತ್ತಿರುವುದು ವ್ಯಾಕ್ಯೂಮ್ ಒಂದೇ.

ತೊಂದರೆ ಏನಿತ್ತು

ಡಾಕ್ಟರು ಫೋನಿನಲ್ಲಿ ಹೇಳಿದ್ದು ಹೀಗೆ: ಪ್ಲಗ್ಗುಗಳು ಮಸಿ ಹಿಡಿದು ಕಪ್ಪಾಗುತ್ತವೆ. ಗಾಡಿ ನಿಂತಲ್ಲಿ ಎಂಜಿನ್ ಏರುತ್ತೆ, ಇಳಿಯುತ್ತೆ. ಊರೊಳಗೆ ಓಡಿಸಿದರೆ ಪೆಟ್ರೋಲ್ ಕುಡಿಯುತ್ತೆ. ಗ್ಯಾರೇಜಿನಿಂದ ಒಳಗೆ ಬಂದರೆ ಕೋಟು ಹೊರಗೇ ಬಿಟ್ಟು ಬನ್ನಿ ಅಂತಾರೆ ಮನೆಯವರು, ಅಷ್ಟು ವಾಸನೆ.

'ಹೈವೇಲಿ ಪೂರ್ತಿ ತುಳಿದ್ರೆ?' ಅಂದೆ.

'ಮೊದಲು ಅಲ್ಲಿ ಚೆನ್ನಾಗೇ ಓಡ್ತಿತ್ತು ಕಣ್ರೀ. ಈಗ ಅಲ್ಲೂ ಮಂಕಾಗಿದೆ. ಊರೊಳಗೆ ಮಾತ್ರ ಸ್ವಲ್ಪ ವಾಸಿ.'

ಈ ಉತ್ತರದಲ್ಲಿ ಅರ್ಧ ರೋಗನಿರ್ಣಯ ಇತ್ತು. 'ಮೊದಲು' ಅನ್ನೋದಕ್ಕೂ 'ಈಗ' ಅನ್ನೋದಕ್ಕೂ ನಡುವೆ ಯಾರೋ ಏನೋ ತಿರುಗಿಸಿದ್ದಾರೆ ಅಂತ ಅರ್ಥ.

ಅಷ್ಟರಲ್ಲಾಗಲೇ ಮಾಡಿದ್ದು

ದೊಡ್ಡ ಪಟ್ಟಿಯೇ ಇತ್ತು. ಹೊಸ ಪ್ಲಗ್, ಹೊಸ ವೈರು, ಹೊಸ ಕಾಯಿಲ್. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್. ಆಮೇಲೆ ಪಂಪ್. ಈ ಗಾಡಿಗಳ ಮೂಲ ಪಂಪ್ ಬಿಸಿಲಲ್ಲಿ ಕಾದು ಸೋಲುತ್ತದೆ ಅನ್ನೋದು ಹಳೇ ದೂರು. ಹಾಗಾಗಿ ಏನೇ ಆದರೂ ಮೊದಲು ಪಂಪ್ ಬದಲಾಯಿಸುವ ಅಭ್ಯಾಸ ಮಾಲೀಕರಲ್ಲಿದೆ. ಡಾಕ್ಟರೂ ಅದನ್ನೇ ಮಾಡಿದರು. ಪಂಪ್ ಸೋತರೆ ಪೆಟ್ರೋಲ್ ಕಡಿಮೆಯಾಗಬೇಕು. ಇಲ್ಲಿ ಜಾಸ್ತಿ ಆಗಿತ್ತು. ಹೊಸ ಪಂಪಿನಿಂದ ಹಳೇ ತೊಂದರೆಗೆ ಏನೂ ಆಗಲಿಲ್ಲ, ಅದರಲ್ಲಿ ಆಶ್ಚರ್ಯವೂ ಇಲ್ಲ.

ಕೊನೆಗೆ ಒಂದು ಗ್ಯಾರೇಜಿನಲ್ಲಿ ಮೀಟರಿಂಗ್ ಯೂನಿಟ್ಟಿನ ಹೊಂದಾಣಿಕೆಯನ್ನೇ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿದರು. ಊರೊಳಗೆ ತಕ್ಷಣ ವಾಸಿ ಅನ್ನಿಸಿತು. ಡಾಕ್ಟರಿಗೂ ಖುಷಿ. ಆದರೆ ಅಲ್ಲಿಂದ ಹೈವೇಯಲ್ಲಿ ಬಲ ಹೋಯಿತು. ಏರಿನಲ್ಲಿ ಪೂರ್ತಿ ತುಳಿದರೆ ಎಂಜಿನ್ನಿನಿಂದ ಸಣ್ಣಗೆ ಟಿಣ್ ಟಿಣ್ ಸದ್ದು.

ಆ ಸದ್ದು ಕೇಳಿದ ಮೇಲೆ ಮೊದಲ ತೀರ್ಮಾನ ಸುಲಭವಾಯಿತು. ಗಾಡಿ ನಿಲ್ಲಿಸಿ, ಇನ್ನು ಓಡಿಸಬೇಡಿ. ಪೂರ್ತಿ ಭಾರದಲ್ಲಿ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ ಕರಗುವವರೆಗೂ ಹೋಗಬಹುದು. ಡಿಪ್‌ಸ್ಟಿಕ್ ತೆಗೆದು ಮೂಸಿದರೆ ಆಯಿಲ್ಲಿನಲ್ಲೂ ಪೆಟ್ರೋಲ್ ವಾಸನೆ. ಮಟ್ಟ ಇರಬೇಕಾದ್ದಕ್ಕಿಂತ ಮೇಲಿತ್ತು. ಆ ಆಯಿಲ್ ಬೇರಿಂಗುಗಳನ್ನು ಕಾಯುವುದಿಲ್ಲ. ಅದನ್ನು ಬಸಿದು ಹೊಸದು ಹಾಕಿದ ಮೇಲೇ ಮುಂದಿನ ಕೆಲಸ.

ಇನ್ನೊಂದು ಆಲೋಚನೆ ಡಾಕ್ಟರ ತಲೆಯಲ್ಲಿತ್ತು. ಇದನ್ನೆಲ್ಲ ಕಿತ್ತು ಹಾಕಿ ಮೂರು ವೆಬರ್ ಕಾರ್ಬುರೇಟರ್ ಕೂರಿಸಿಬಿಡೋಣ ಅಂತ. ಹಾಗೆ ಮಾಡಿದವರು ಬೇಕಾದಷ್ಟು ಜನ ಇದ್ದಾರೆ, ಅದು ತಪ್ಪಂತೂ ಅಲ್ಲ. ನನ್ನ ಅಭಿಪ್ರಾಯ ಬೇರೆ. ರೋಗ ಏನೆಂದು ತಿಳಿಯದೆ ಅಂಗ ಬದಲಾಯಿಸಿದರೆ, ರೋಗ ಎಂಜಿನ್ನಿನಲ್ಲೇ ಇದ್ದ ಪಕ್ಷದಲ್ಲಿ ಹೊಸ ಕಾರ್ಬುರೇಟರೂ ಅದನ್ನೇ ಅನುಭವಿಸುತ್ತದೆ. ವೈದ್ಯರಿಗೆ ಈ ಮಾತು ಬೇಗ ಒಪ್ಪಿಗೆಯಾಯಿತು.

ತಿರುವು

ಮೊದಲು ಪೆಟ್ರೋಲಿಗೆ ಸಂಬಂಧವಿಲ್ಲದ್ದನ್ನೆಲ್ಲ ನೋಡಿ ಮುಗಿಸಿದೆವು. ಕಂಪ್ರೆಷನ್ ಆರೂ ಸಿಲಿಂಡರಿನಲ್ಲಿ ಹತ್ತಿರ ಹತ್ತಿರ ಒಂದೇ. ವಾಲ್ವ್ ಗ್ಯಾಪ್ 10 ಥೌ (ಇಂಚಿನ ಸಾವಿರದಲ್ಲಿ ಹತ್ತು ಪಾಲು) ಇರಬೇಕು, ಎರಡು ಕಡೆ ಬಿಗಿಯಾಗಿತ್ತು, ಸರಿ ಮಾಡಿದೆವು. ಟೈಮಿಂಗ್ ಸ್ವಲ್ಪ ಅತ್ತಿತ್ತ. ಇಷ್ಟರಿಂದ ದೊಡ್ಡ ವ್ಯತ್ಯಾಸ ಬರಲಿಲ್ಲ, ಬರುತ್ತದೆ ಅಂದುಕೊಂಡೂ ಇರಲಿಲ್ಲ.

ಆಮೇಲೆ ಐಡಲ್, ಅಂದರೆ ಗಾಡಿ ನಿಂತಲ್ಲೇ ಎಂಜಿನ್ ಓಡುವುದು. ಈ ಎಂಜಿನ್ನಿನಲ್ಲಿ ಗಾಳಿಯ ದಾರಿ ತೆರೆದು ಮುಚ್ಚುವ 6 ಬಟರ್‌ಫ್ಲೈಗಳು, ಎರಡೆರಡರಂತೆ ಮೂರು ಥ್ರಾಟಲ್ ಬಾಡಿಗಳು. ಗಾಡಿ ನಿಂತಾಗ ಬಟರ್‌ಫ್ಲೈಗಳು ಬಹುತೇಕ ಮುಚ್ಚಿರುತ್ತವೆ. ಎಂಜಿನ್ ಉಸಿರಾಡಲು ಬೇಕಾದ ಗಾಳಿ ಬೇರೊಂದು ಐಡಲ್ ವಾಲ್ವಿನ ಮೂಲಕ ಬರುತ್ತದೆ. ಅದನ್ನು ಮುಚ್ಚುತ್ತಾ ಹೋದರೆ ಎಂಜಿನ್ ಸೊರಗಿ ನಿಲ್ಲಬೇಕು. ಡಾಕ್ಟರು ಸ್ಕ್ರೂಡ್ರೈವರ್ ಹಿಡಿದು ತಿರುಗಿಸುತ್ತಾ ಬಂದರು. ವಾಲ್ವ್ ಪೂರ್ತಿ ಮುಚ್ಚಿತು. ಎಂಜಿನ್ ನಿಲ್ಲಲಿಲ್ಲ. 1,100 ಆರ್‌ಪಿಎಮ್ಮಿನ ಸುತ್ತ ಕುಲುಕುತ್ತಾ ಓಡುತ್ತಲೇ ಇತ್ತು.

'ಬಾಗಿಲು ಹಾಕಿದ್ರೂ ಗಾಳಿ ಬರ್ತಿದೆ ಅಂದ್ರೆ ಕಿಟಕಿ ಎಲ್ಲೋ ತೆಗ್ದಿದೆ' ಅಂದರು ಡಾಕ್ಟರು.

ಇಡೀ ಪ್ರಕರಣ ಅಲ್ಲಿಗೆ ತಿರುಗಿತು. ಸಾಮಾನ್ಯವಾಗಿ ಮ್ಯಾನಿಫೋಲ್ಡಿಗೆ ಬೇಡದ ಗಾಳಿ ನುಗ್ಗಿದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಪ್ಲಗ್ ಬಿಳಿಯಾಗುತ್ತದೆ. ಕಾರ್ಬುರೇಟರ್ ಗಾಡಿ ಬಲ್ಲ ಯಾವ ಮೆಕ್ಯಾನಿಕ್ಕೂ ಅದನ್ನೇ ಹೇಳುತ್ತಾರೆ. ಅದಕ್ಕೇ ಕಪ್ಪು ಪ್ಲಗ್ ನೋಡಿದ ಯಾರಿಗೂ ಗಾಳಿ ಸೋರಿಕೆಯ ಅನುಮಾನ ಬರಲಿಲ್ಲ. ಆದರೆ ಈ ಲ್ಯೂಕಾಸ್ ವ್ಯವಸ್ಥೆಯಲ್ಲಿ ಉಲ್ಟಾ. ಗಾಳಿ ಸೋರಿದರೆ ವ್ಯಾಕ್ಯೂಮ್ ಬೀಳುತ್ತದೆ. ವ್ಯಾಕ್ಯೂಮ್ ಬಿದ್ದರೆ ಮೀಟರಿಂಗ್ ಯೂನಿಟ್, ಓಹೋ ಡ್ರೈವರ್ ಆಕ್ಸಿಲರೇಟರ್ ತುಳಿದಿದ್ದಾರೆ ಅಂದುಕೊಳ್ಳುತ್ತದೆ. ಷಟಲ್ಲಿನ ಓಟ ಹೆಚ್ಚಿಸುತ್ತದೆ. ಸೋರಿ ಬಂದ ಗಾಳಿಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ.

ಪೂರ್ತಿ ತುಳಿದಾಗ ಹೇಗೂ ವ್ಯಾಕ್ಯೂಮ್ ಇರುವುದಿಲ್ಲ. ಅಲ್ಲಿ ಸೋರಿಕೆಯಿಂದ ವ್ಯತ್ಯಾಸವೂ ಇಲ್ಲ. 'ಮೊದಲು ಹೈವೇಲಿ ಚೆನ್ನಾಗೇ ಓಡ್ತಿತ್ತು' ಅನ್ನೋ ಮಾತು ಈಗ ಕೂತುಕೊಂಡಿತು. ಮೀಟರಿಂಗ್ ಯೂನಿಟ್ ಮೊದಲಿನಿಂದ ಸರಿಯಾಗೇ ಇತ್ತು. ಅದಕ್ಕೆ ಹೋಗುತ್ತಿದ್ದ ಸುದ್ದಿ ಸುಳ್ಳಾಗಿತ್ತು.

ವ್ಯಾಕ್ಯೂಮ್ ಗೇಜ್ ಹಾಕಿ ನೋಡಿದೆವು. ಸೂಜಿ ತಗ್ಗಿನಲ್ಲೇ ನಡುಗುತ್ತಿತ್ತು. ಇಲ್ಲೊಂದು ಎಚ್ಚರ ಬೇಕು. ಸಾಮಾನ್ಯ ಎಂಜಿನ್ನುಗಳಿಗೆ ಗೇಜಿನ ಜೊತೆ ಬರುವ ಚೀಟಿಯಲ್ಲಿ ಕೊಟ್ಟಿರುವ ಅಂಕಿಗಳು ಇದಕ್ಕೆ ಹೊಂದುವುದಿಲ್ಲ. 150 ಕುದುರೆಶಕ್ತಿಯ ಎಂಜಿನ್ನಿನ ಕ್ಯಾಮ್ ಸ್ವಭಾವತಃ ಕಡಿಮೆ ವ್ಯಾಕ್ಯೂಮ್ ಕೊಡುತ್ತದೆ. ಚೀಟಿ ನೋಡಿ ಹೆದರಿದರೆ ಎಂಜಿನ್ ಬಿಚ್ಚಬೇಕಾಗುತ್ತದೆ. ಬೇಕಾದ್ದು ಹೋಲಿಕೆ: ಅನುಮಾನದ ಒಂದೊಂದೇ ಪೈಪನ್ನು ಕ್ಲ್ಯಾಂಪ್ ಹಾಕಿ ಮುಚ್ಚುತ್ತಾ ಸೂಜಿ ಎಲ್ಲಿ ಏರುತ್ತದೆ ನೋಡುವುದು. ವ್ಯಾಕ್ಯೂಮಿನಿಂದ ಬ್ರೇಕಿಗೆ ಬಲ ಕೊಡುವ ಸರ್ವೋ ಪೈಪ್ ಮುಚ್ಚಿದರೆ ಏನೂ ಆಗಲಿಲ್ಲ. ಸರ್ವೋ ನಿರಪರಾಧಿ.

ಎಷ್ಟೋ ಜನ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮಾಡಿ ಸೋರಿಕೆ ಹುಡುಕುತ್ತಾರೆ. ಟಿಆರ್6ನಲ್ಲಿ ಅದು ಬೇಡ. ಈ ಎಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವುದೂ ಹೊಗೆ ಹೊರಗೆ ಬರುವುದೂ ಒಂದೇ ಮಗ್ಗುಲಲ್ಲಿ. ಸ್ಪ್ರೇ ನೇರ ಕಾದ ಎಕ್ಸಾಸ್ಟಿನ ಮೇಲೆ ಬೀಳುತ್ತದೆ. ಅಲ್ಲದೆ ಆಗಲೇ ಪೆಟ್ರೋಲ್ ಜಾಸ್ತಿ ಇರುವ ಎಂಜಿನ್ನಿಗೆ ಇನ್ನಷ್ಟು ಸುರಿದರೆ ಆರ್‌ಪಿಎಮ್ ಏರುವ ಬದಲು ಇಳಿಯಬಹುದು, ಗೊಂದಲ. ಡಾಕ್ಟರು ಒಂದು ಸಣ್ಣ ಸ್ಮೋಕ್ ಮಷೀನ್ ತರಿಸಿದರು. ಎಂಜಿನ್ ಆಫ್ ಮಾಡಿ, ಗಾಳಿ ಹೋಗುವ ಬಾಯಿ ಕಟ್ಟಿ, ಒಳಗೆ ಹೊಗೆ ತುಂಬಿಸಿದೆವು.

ಮೊದಲು ಕಂಡದ್ದು ನಡುವಿನ ಥ್ರಾಟಲ್ ಬಾಡಿಯಲ್ಲಿ. ಬಟರ್‌ಫ್ಲೈ ಕೂತಿರುವ ಕಡ್ಡಿಯ, ಅಂದರೆ ಸ್ಪಿಂಡಲ್ಲಿನ, ಎರಡೂ ತುದಿಯಿಂದ ದಾರದಂತೆ ಹೊಗೆ ಎದ್ದಿತು. ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಸ್ಪಿಂಡಲ್ ಟಕಟಕ ಅನ್ನುವಷ್ಟು ಸಡಿಲ. ಅಲ್ಯೂಮಿನಿಯಂ ಬಾಡಿಯ ರಂಧ್ರ ಸವೆದು ಅಂಡಾಕಾರವಾಗಿತ್ತು. ಹಿಂದಿನ ಬಾಡಿಯಲ್ಲೂ ಅದೇ, ಸ್ವಲ್ಪ ಕಡಿಮೆ. ಆಮೇಲೆ, ಯಾರೂ ಎಣಿಸದ ಜಾಗದಲ್ಲಿ ಇನ್ನೊಂದು: ಮೀಟರಿಂಗ್ ಯೂನಿಟ್ಟಿಗೆ ವ್ಯಾಕ್ಯೂಮ್ ಒಯ್ಯುವ ಪೈಪಿನ ರಬ್ಬರ್ ಮೊಣಕೈ. ಮೇಲಿಂದ ನೋಡಿದರೆ ಹೊಸದರ ಹಾಗಿದೆ. ಕ್ಲಿಪ್ ಸಡಿಲಿಸಿ ಮಡಿಸಿದರೆ ಒಳಮಗ್ಗುಲಲ್ಲಿ ಉಗುರು ಹೋಗುವಷ್ಟು ಸೀಳು. ಯೂನಿಟ್ಟಿಗೆ ತಲುಪುವ ಮೊದಲೇ ಸುದ್ದಿ ಅಲ್ಲಿ ಅರ್ಧ ಸೋರಿಹೋಗುತ್ತಿತ್ತು. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ 10%ವರೆಗೆ ಎಥನಾಲ್ ಸೇರಿದ ಇ10 ಪೆಟ್ರೋಲೇ ಸಾಮಾನ್ಯ. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಈ ಸೀಳಿಗೆ ಅದೇ ಕಾರಣವೋ ಬರೀ ವಯಸ್ಸೋ ಗೊತ್ತಿಲ್ಲ, ಈಗ ಡಾಕ್ಟರು ಎಥನಾಲ್ ಕಡಿಮೆ ಇರುವ ಇ5 ಹಾಕಿಸುತ್ತಾರೆ.

ಸರಿ ಮಾಡಿದರೆ ಕೆಟ್ಟಿತು

ಥ್ರಾಟಲ್ ಬಾಡಿಗಳನ್ನು, ಸವೆದ ರಂಧ್ರಗಳಿಗೆ ಬುಶ್ (ಒಳಗೆ ಕೂರುವ ಬಳೆ) ಹಾಕಲು, ಈ ಕೆಲಸವೇ ಮಾಡುವವರಿಗೆ ಕಳಿಸಿದರು. ಮನೆಯ ಡ್ರಿಲ್ಲಿನಲ್ಲಿ ಮಾಡುವ ಕೆಲಸ ಅದಲ್ಲ, ಎರಡು ರಂಧ್ರ ಒಂದೇ ಗೆರೆಯಲ್ಲಿ ಬರದಿದ್ದರೆ ಬಟರ್‌ಫ್ಲೈ ಸಿಕ್ಕಿಹಾಕಿಕೊಳ್ಳುತ್ತದೆ. ಮೊಣಕೈ ಹೊಸದು. ಈ ನಡುವೆ ಎಕ್ಸಾಸ್ಟಿಗೆ ಒಂದು ನಟ್ಟು ವೆಲ್ಡ್ ಮಾಡಿಸಿ ವೈಡ್‌ಬ್ಯಾಂಡ್ ಲ್ಯಾಂಬ್ಡಾ ಸೆನ್ಸಾರ್ ಕೂರಿಸಿದೆವು. ಗಾಳಿ ಮತ್ತು ಪೆಟ್ರೋಲಿನ ಅನುಪಾತವನ್ನು ಅದು ನೇರವಾಗಿ ತೋರಿಸುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಅಂದರೆ ಸಮ. ಅಂಕಿ ಇಳಿದರೆ ಪೆಟ್ರೋಲ್ ಜಾಸ್ತಿ, ಏರಿದರೆ ಕಡಿಮೆ. ಬಾಡಿಗಳನ್ನು ಬಿಚ್ಚುವ ಮುಂಚೆಯೇ ಅದನ್ನು ಹಾಕಿ ಎಚ್ಚರದಿಂದ ಒಂದು ಸುತ್ತು ಓಡಿಸಿದ್ದೆವು. ಹದವಾಗಿ ಹೋಗುವಾಗ 11.5ರ ಹತ್ತಿರ, ಒಂದು ಕ್ಷಣ ಪೂರ್ತಿ ತುಳಿದಾಗ 14. ಇರಬೇಕಾದ್ದು ಇದಕ್ಕೆ ತಿರುಗಾ ಮುರುಗಾ.

ಬಾಡಿಗಳು ವಾಪಸು ಬಂದವು, ಕೂರಿಸಿ ಸ್ಟಾರ್ಟ್ ಮಾಡಿದರೆ ಗಾಡಿ ಮೊದಲಿಗಿಂತ ಕೆಟ್ಟದಾಗಿ ಓಡಿತು. ಬಟರ್‌ಫ್ಲೈ ಕಡೆಯಿಂದ ಕೆಮ್ಮು, ರೇಸ್ ಕೊಟ್ಟರೆ ಉಸಿರು ಕಟ್ಟಿದ ಹಾಗೆ. ಮೀಟರ್ 16 ದಾಟಿತ್ತು.

'ಹಾಳಾಗ್ಲಿ, ವೆಬರ್ರೇ ಹಾಕ್ಸೋಣ' ಅಂದರು ಡಾಕ್ಟರು. ಸುಮ್ನೆ ಅಂದದ್ದಲ್ಲ, ಮನಸ್ಸು ಮಾಡಿಯೇ ಬಿಟ್ಟಿದ್ದರು.

ಆದರೆ ಆ 16 ಒಳ್ಳೇ ಸುದ್ದಿ. ಸೋರಿಕೆ ನಿಂತಿದೆ, ಯೂನಿಟ್ಟಿಗೆ ಈಗ ನಿಜವಾದ ವ್ಯಾಕ್ಯೂಮ್ ಕಾಣುತ್ತಿದೆ. ಉಳಿದದ್ದು ಆ ಗ್ಯಾರೇಜಿನವರು ತಿರುಗಿಸಿಟ್ಟ ಹೊಂದಾಣಿಕೆ ಮಾತ್ರ. ಸೋರಿಕೆಯಿಂದ ಬರುತ್ತಿದ್ದ ಜಾಸ್ತಿ ಪೆಟ್ರೋಲನ್ನು ಅದು ಮರೆಮಾಚುತ್ತಿತ್ತು. ಕಾರಣ ಹೋಯಿತು, ಮದ್ದು ಹಾಗೇ ಉಳಿಯಿತು, ಅಷ್ಟೇ.

ಇಲ್ಲಿ ಎರಡು ದಾರಿ ಇದ್ದವು. ಮೀಟರ್ ನೋಡಿಕೊಂಡು ಮನೆಯಲ್ಲೇ ವಾಪಸು ತಿರುಗಿಸುವುದು, ಇಲ್ಲವೇ ಯೂನಿಟ್ಟನ್ನು ಬಿಚ್ಚಿ ಟೆಸ್ಟ್ ಬೆಂಚಿಗೆ ಕಳಿಸುವುದು. ಮೊದಲನೆಯದು ಅಗ್ಗ, ಆಸೆ ಹುಟ್ಟಿಸುವಂಥದ್ದು. ಆದರೆ ಒಳಗೆ ಒಂದರೊಳಗೊಂದು ಕೂತ ಸ್ಪ್ರಿಂಗುಗಳಿವೆ. ಬೇರೆ ಬೇರೆ ವ್ಯಾಕ್ಯೂಮ್ ಮಟ್ಟದಲ್ಲಿ ಬೇರೆ ಬೇರೆ ಸ್ಪ್ರಿಂಗ್ ಕೆಲಸಕ್ಕೆ ಬರುತ್ತದೆ. ಒಂದು ಕಡೆ ಸರಿ ಬಂತೆಂದು ಬಿಟ್ಟರೆ ಇನ್ನೊಂದು ಕಡೆ ತಪ್ಪಿರಬಹುದು. ಯೂನಿಟ್ಟಿನ ಸೀಲುಗಳೂ ಹಳೆಯವು, ಆಯಿಲ್ಲಿಗೆ ಪೆಟ್ರೋಲ್ ಸೇರಿದ್ದರಲ್ಲಿ ಅವುಗಳ ಪಾಲೂ ಇರಬಹುದು. ಹಾಗಾಗಿ ಡ್ರೈವಿನ ಸ್ಥಾನಕ್ಕೆ ಗುರುತು ಹಾಕಿ, ಬಿಚ್ಚಿ ಕಳಿಸಿದರು. ಇಡೀ ಕೆಲಸದಲ್ಲಿ ಅತಿ ಹೆಚ್ಚು ದುಡ್ಡು ಹೋದದ್ದು ಇಲ್ಲೇ. ವಾಪಸು ಬಂದಾಗ ಹೊಂದಾಣಿಕೆಯ ಮೇಲೆ ಬಣ್ಣದ ಲ್ಯಾಕರ್ ಸೀಲ್ ಇತ್ತು.

ಜೋಡಿಸುವಾಗ ಅವಸರ ಮಾಡಲಿಲ್ಲ. ಈ ಯೂನಿಟ್ಟಿನ ರೋಟರಿಗೆ ಪೆಟ್ರೋಲೇ ಆಯಿಲ್. ಒಣಗಿದ್ದಾಗ ತಿರುಗಿಸಿದರೆ ಗೀರು ಬೀಳುತ್ತದೆ. ಮೊದಲು ಪಂಪ್ ಮಾತ್ರ ಓಡಿಸಿ, ಲೈನಿನಲ್ಲಿದ್ದ ಗಾಳಿ ತೆಗೆದೆವು. ಆಮೇಲೆ ಇಂಜೆಕ್ಟರ್ ಪರೀಕ್ಷೆ. ಗಾಡಿ ಗ್ಯಾರೇಜಿನ ಹೊರಗೆ, ಪಕ್ಕದಲ್ಲಿ ಫೈರ್ ಎಕ್ಸ್‌ಟಿಂಗ್ವಿಷರ್, ಎಕ್ಸಾಸ್ಟ್ ತಣ್ಣಗಿರುವಾಗ ಮಾತ್ರ. ಒಂದೊಂದೇ ಇಂಜೆಕ್ಟರ್ ಹೊರಗೆ ಎಳೆದು, ಅದರ ಮೂತಿಯನ್ನು ಗಾಜಿನ ಜಾರಿನೊಳಗೆ ಹಿಡಿದು ನೋಡುವುದು. ಐದರಿಂದ ಕೊಡೆ ಬಿಚ್ಚಿದ ಹಾಗೆ ಸಣ್ಣ ತುಂತುರು ಬಂತು. 4ನೇ ಸಿಲಿಂಡರಿನದು ಮಾತ್ರ ಒಂದೇ ಗೆರೆಯಲ್ಲಿ ಪಿಚಕ್ಕನೆ ಚಿಮ್ಮಿ, ಕೊನೆಗೊಂದು ಹನಿ ತೂಗುಬಿಟ್ಟಿತು. ಅದನ್ನು ಬದಲಾಯಿಸಿದರು. ಎಕ್ಸಾಸ್ಟ್ ಬಿಸಿಯಾಗುತ್ತಿದ್ದಂತೆ ನಿಲ್ಲಿಸಿ ಕಾಯಬೇಕು, ಈ ಒಂದು ವಿಷಯದಲ್ಲಿ ರಾಜಿ ಇಲ್ಲ.

ಕೊನೆಯದು ಬ್ಯಾಲೆನ್ಸಿಂಗ್. ಥ್ರಾಟಲ್ ಬಾಡಿಗಳನ್ನು ಸೇರಿಸುವ ಕಡ್ಡಿಗಳನ್ನು ಕಳಚಿ, ಗಾಳಿ ಅಳೆಯುವ ಮೀಟರನ್ನು ಒಂದೊಂದರ ಬಾಯಿಗೆ ಹಿಡಿದು, ಮೂರೂ ಜೋಡಿ ಒಂದೇ ಸಮ ಉಸಿರಾಡುವಂತೆ ಮಾಡಿದ ಮೇಲೆ ಕಡ್ಡಿ ಸೇರಿಸುವುದು. ಇಲ್ಲಿ ಡಾಕ್ಟರ ಕೈ ನನಗಿಂತ ಸೂಕ್ಷ್ಮ. ನಾನು ದೂರ ನಿಂತೆ. ಈಗ ಐಡಲ್ ವಾಲ್ವ್ ತಿರುಗಿಸಿದರೆ ಎಂಜಿನ್ ಮಾತು ಕೇಳುತ್ತದೆ. 800ರ ಹತ್ತಿರ ನಿಲ್ಲಿಸಿದರು.

ರಸ್ತೆಯಲ್ಲಿ ಅಂಕಿಗಳು ಹೀಗೆ ಬಂದವು: ನಿಂತಾಗ 13ರ ಸುತ್ತ, ಹದವಾಗಿ ಹೋಗುವಾಗ 14ರ ಮೇಲೆ, ಪೂರ್ತಿ ತುಳಿದಾಗ 12.6. ಟಿಣ್ ಟಿಣ್ ಸದ್ದಿಲ್ಲ.

ಬೇರೆಯವರಿಗೆ ಉಪಯೋಗ ಆಗುವುದು

ಇಂಥ ಗಾಡಿ ಇಟ್ಟುಕೊಂಡವರು ಮೊದಲು ಕೇಳಿಕೊಳ್ಳಬೇಕಾದ್ದು ತೊಂದರೆ ಯಾವಾಗ ಬರುತ್ತದೆ ಅಂತ. ಕಾಲು ಎತ್ತಿದಾಗ ಮಾತ್ರ ಪೆಟ್ರೋಲ್ ಜಾಸ್ತಿ, ಪೂರ್ತಿ ತುಳಿದಾಗ ಸರಿ ಅಂದರೆ ವ್ಯಾಕ್ಯೂಮಿನ ಕಡೆ ನೋಡಿ. ಎಲ್ಲ ಕಡೆ ಒಂದೇ ಸಮ ಜಾಸ್ತಿ ಇದ್ದರೆ ಆಗ ಯೂನಿಟ್ಟನ್ನು ಅನುಮಾನಿಸಬಹುದು. ಪೂರ್ತಿ ತುಳಿದಾಗ ಮಾತ್ರ ಕಡಿಮೆ ಅಂದರೆ ಪಂಪ್, ಫಿಲ್ಟರ್, ಒತ್ತಡ. ಈ ಪ್ರಶ್ನೆಗೆ ದುಡ್ಡು ಬೇಕಿಲ್ಲ. ಡಾಕ್ಟರು ಖರ್ಚು ಮಾಡಿದ್ದರಲ್ಲಿ ಪಂಪ್, ಕಾಯಿಲ್, ಇಗ್ನಿಷನ್ ಮೂರೂ ಈ ತೊಂದರೆಗೆ ಸಂಬಂಧಪಟ್ಟವಲ್ಲ.

ಇದು ಲ್ಯೂಕಾಸ್ ವ್ಯವಸ್ಥೆಯ ಗುಣ ಅನ್ನೋದನ್ನೂ ಮರೆಯಬಾರದು. ಬಿಎಂಡಬ್ಲ್ಯು 2002 ಟಿಐಐಯಲ್ಲಿರುವ ಕುಗೆಲ್‌ಫಿಷರ್ ಪಂಪ್ ಕೂಡ ಮೆಕ್ಯಾನಿಕಲ್ಲೇ. ಆದರೆ ಅದು ನೋಡುವುದು ಥ್ರಾಟಲ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅನ್ನೋದನ್ನು. ಅಲ್ಲಿ ಗಾಳಿ ಸೋರಿದರೆ ಮಾಮೂಲಿನಂತೆ ಪೆಟ್ರೋಲ್ ಕಡಿಮೆಯೇ ಆಗುತ್ತದೆ. ಹಾಗಾಗಿ ಈ ಪ್ರಕರಣವನ್ನು ಅದಕ್ಕೆ ಹಚ್ಚಬೇಡಿ.

ಯೂನಿಟ್ ಬಿಚ್ಚುವ ಧೈರ್ಯ ಇಲ್ಲದವರೂ ಮನೆಯಲ್ಲಿ ಮಾಡಬಹುದಾದ್ದು ಬೇಕಾದಷ್ಟಿದೆ. ವಾಲ್ವ್ ಗ್ಯಾಪ್, ಟೈಮಿಂಗ್, ಹೊಗೆ ಪರೀಕ್ಷೆ, ಬ್ಯಾಲೆನ್ಸಿಂಗ್, ವೈಡ್‌ಬ್ಯಾಂಡ್ ಓದುವುದು ಎಲ್ಲವೂ ಮನೆಯ ಮುಂದೆಯೇ ಆದವು. ಹೊರಗೆ ಹೋದದ್ದು ಬುಶ್, ವೆಲ್ಡಿಂಗ್, ಕ್ಯಾಲಿಬ್ರೇಷನ್ ಮೂರೇ.

ಒಂದು ಅನುಮಾನ ಇನ್ನೂ ಬಾಕಿ ಇದೆ. ಎಲ್ಲ ಸರಿಯಾದ ಮೇಲೂ ವ್ಯಾಕ್ಯೂಮ್ ಸೂಜಿ ಅಂದುಕೊಂಡದ್ದಕ್ಕಿಂತ ತುಸು ಕೆಳಗೇ ನಿಲ್ಲುತ್ತದೆ. ಕ್ಯಾಮ್‌ಶಾಫ್ಟಿನ ಲೋಬುಗಳು, ಅಂದರೆ ವಾಲ್ವ್ ಎತ್ತುವ ಉಬ್ಬುಗಳು, ಸವೆದಿದ್ದರೂ ಹಾಗಾಗುತ್ತದೆ. ಚಳಿಗಾಲಕ್ಕೆ ಗಾಡಿ ನಿಲ್ಲಿಸಿದಾಗ ರಾಕರ್ ಕವರ್ ತೆಗೆದು, ಡಯಲ್ ಗೇಜಿನಲ್ಲಿ ಹನ್ನೆರಡೂ ವಾಲ್ವುಗಳ ಲಿಫ್ಟ್ ಅಳೆಯುವುದು ಅಂತ ಮಾತಾಗಿದೆ. ಡಾಕ್ಟರು ಡಯಲ್ ಗೇಜ್ ತರಿಸಿ ಇಟ್ಟುಕೊಂಡಿದ್ದಾರೆ.